ಕ್ಯೂಎಂಕೆ ಫರ್ಮ್‌ವೇರ್‌ನಲ್ಲಿ ಕೀಲಿಗೆ ಸ್ಪಂದಿಸುವ ಬೆಳಕು: ಬಳಕೆದಾರನ ವಿಮರ್ಶೆ

ಕೀಬೋರ್ಡಿನ ಬೆಳಕನ್ನು ಬರೀ ಅಲಂಕಾರವೆಂದು ತಳ್ಳಿಹಾಕುವವರು, ಕೀಬೋರ್ಡಿನೊಳಗಿನ ಚಿಪ್ಪನ್ನು ನಡೆಸುವ ಮುಕ್ತ ತಂತ್ರಾಂಶವಾದ ಕ್ಯೂಎಂಕೆ ಫರ್ಮ್‌ವೇರ್‌ನಲ್ಲಿ ಕೀಲಿಗಳ ಬಣ್ಣದ ಬೆಳಕನ್ನು ನಿಯಂತ್ರಿಸುವ ಆರ್‌ಜಿಬಿ ಮ್ಯಾಟ್ರಿಕ್ಸ್ ಸೌಲಭ್ಯವನ್ನು ಒಮ್ಮೆ ಬಳಸಿ ನೋಡಬೇಕು. ಇದರ ಹೆಚ್ಚುಗಾರಿಕೆ ಬಣ್ಣಗಳ ಸಂಖ್ಯೆಯಲ್ಲಿಲ್ಲ. ಪ್ರತಿಯೊಂದು ಎಲ್‌ಇಡಿ ಎಲ್ಲಿದೆ ಎಂಬುದನ್ನು 224 × 64 ಅಳತೆಯ ಚೌಕಟ್ಟಿನಲ್ಲಿ ಗುರುತಿಸಿಟ್ಟುಕೊಂಡು, ಒಳಗಿನ ವೈರಿಂಗ್ ಹೇಗೇ ಇರಲಿ, ಕೀಲಿಗಳ ನಡುವಿನ ನಿಜವಾದ ದೂರದಂತೆ ಬೆಳಕನ್ನು ಹರಡುವುದರಲ್ಲಿದೆ.

ಒತ್ತಿದ ಕೀಲಿಯಿಂದ ಬೆಳಕು ಅಲೆಯಂತೆ ಸುತ್ತಲೂ ಹರಡುವ ಸ್ಪ್ಲಾಶ್ ಎಂಬ ಪರಿಣಾಮವನ್ನೇ ನೋಡಿ. ಕೀಲಿ ಒತ್ತಿದ ಮೇಲೆ ಕಳೆದ ಕಾಲದಿಂದ, ಆ ಕೀಲಿಗೂ ಎಲ್‌ಇಡಿಗೂ ಇರುವ ದೂರವನ್ನು ಕಳೆಯುತ್ತಾರೆ, ಅಷ್ಟೇ. ಅಲೆ ಇನ್ನೂ ತಲುಪದ ಕಡೆ ಕತ್ತಲೆ, ತಲುಪಿದ ಕ್ಷಣ ಪೂರ್ಣ ಬೆಳಕು, ಆಮೇಲೆ ನಿಧಾನವಾಗಿ ಆರುವಿಕೆ: ಎಲ್ಲವೂ ಆ ಒಂದು ವ್ಯವಕಲನದಿಂದಲೇ ಹುಟ್ಟುತ್ತವೆ. ಮಲ್ಟಿಸ್ಪ್ಲಾಶ್ ಇದೇ ಲೆಕ್ಕವನ್ನು ಇತ್ತೀಚಿನ ಹಲವು ಒತ್ತುವಿಕೆಗಳಿಗೆ ಅನ್ವಯಿಸುವುದರಿಂದ, ವೇಗವಾಗಿ ಟೈಪ್ ಮಾಡುವಾಗ ಅಲೆಗಳು ಒಂದರೊಳಗೊಂದು ಬೆರೆಯುತ್ತವೆ. ಸಿ ಭಾಷೆ ಸ್ವಲ್ಪ ತಿಳಿದವರು ಇದೇ ಮಾದರಿಯಲ್ಲಿ ತಮ್ಮದೇ ಪರಿಣಾಮವನ್ನು ಪ್ರತ್ಯೇಕ ಕಡತದಲ್ಲಿ ಬರೆದು ಸೇರಿಸಬಹುದು. ಮೂಲ ಕೋಡನ್ನು ಮುಟ್ಟಬೇಕಾಗಿಲ್ಲ.

ನನಗೆ ಅತ್ಯಂತ ಪ್ರಿಯವಾದದ್ದು ಟೈಪಿಂಗ್ ಹೀಟ್‌ಮ್ಯಾಪ್. ಒತ್ತಿದಷ್ಟೂ ಕೀಲಿ ನೀಲಿಯಿಂದ ಕೆಂಪಿಗೆ ತಿರುಗುತ್ತದೆ, ಬಿಟ್ಟರೆ ತಣಿಯುತ್ತದೆ. ನುಡಿ ತಂತ್ರಾಂಶದ ಕೀಲಿವಿನ್ಯಾಸದಲ್ಲಿ ಕನ್ನಡ ಬರೆಯುವಾಗ, ಇಂಗ್ಲಿಷಿನಲ್ಲಿ ಅಷ್ಟಾಗಿ ಬಳಕೆಯಾಗದ ಎಫ್ ಕೀಲಿ ಒತ್ತಕ್ಷರಗಳ ದೆಸೆಯಿಂದ ಬೇಗನೆ ಕೆಂಪೇರುವುದನ್ನು ಕಾಣುವುದೇ ಒಂದು ಸಂತೋಷ.

ಅಳವಡಿಕೆಯಲ್ಲಿ ಎಚ್ಚರ ಬೇಕು. ಕೀಲಿ ಒತ್ತುವಿಕೆಗೆ ಸ್ಪಂದಿಸುವಂತೆ ಕಾನ್ಫಿಗ್ ಕಡತದಲ್ಲಿ ಸೂಚಿಸಿದರೆ ಸಾಲದು. ಬೇಕಾದ ಪ್ರತಿ ಪರಿಣಾಮವನ್ನೂ ಹೆಸರಿಸಿ ಸಕ್ರಿಯಗೊಳಿಸಬೇಕು. ಹೀಟ್‌ಮ್ಯಾಪ್‌ಗಾದರೆ ಫ್ರೇಮ್‌ಬಫರ್ ಪರಿಣಾಮಗಳ (ಪ್ರತಿ ಕೀಲಿಯ ಸ್ಥಿತಿಯನ್ನು ನೆನಪಿನಲ್ಲಿಟ್ಟುಕೊಳ್ಳುವಂಥವುಗಳ) ಸಾಲನ್ನೂ ಸೇರಿಸಬೇಕು. ಹೊಸಬರಿಗೆ ಇದು ಕಿರಿಕಿರಿ ಎನಿಸಿದರೂ ನನ್ನ ಮಟ್ಟಿಗೆ ಸರಿಯಾದ ಕ್ರಮ, ಏಕೆಂದರೆ ಹಳೆಯ ಬೋರ್ಡುಗಳಲ್ಲಿರುವ ಎಟಿಮೆಗಾ32ಯು4 ಚಿಪ್ಪಿನಲ್ಲಿ ಫರ್ಮ್‌ವೇರ್ ಉಳಿಯುವ ಫ್ಲ್ಯಾಶ್ ಸ್ಮೃತಿ ಕೇವಲ 32 ಕಿಲೋಬೈಟ್, ಅದರಲ್ಲೂ ಒಂದು ಪಾಲು ಹೊಸ ಫರ್ಮ್‌ವೇರನ್ನು ಏರಿಸಿಕೊಳ್ಳುವ ಬೂಟ್‌ಲೋಡರಿಗೆ ಹೋಗುತ್ತದೆ. ಅಂಥ ಬೋರ್ಡಿನಲ್ಲಿ ಎರಡು ಮೂರು ಪರಿಣಾಮಗಳಿಗೆ ತೃಪ್ತಿಪಡುವುದು ಒಳ್ಳೆಯದು. ಆರ್‌ಪಿ2040 ಚಿಪ್ಪು ಇದ್ದರೆ ಈ ಚಿಂತೆಯೇ ಇಲ್ಲ.

ಎರಡು ಭಾಗಗಳ ಸ್ಪ್ಲಿಟ್ ಕೀಬೋರ್ಡಿನವರು ಟ್ರಾನ್ಸ್‌ಪೋರ್ಟ್ ಮಿರರ್ ಆಯ್ಕೆಯನ್ನು ಮರೆಯಬಾರದು. ಅದಿಲ್ಲದಿದ್ದರೆ ಕಂಪ್ಯೂಟರಿನ ಕೇಬಲ್ ಚುಚ್ಚಿದ ಭಾಗದಲ್ಲಿ ಒತ್ತಿದ ಕೀಲಿಯ ಅಲೆ ಇನ್ನೊಂದು ಭಾಗಕ್ಕೆ ದಾಟುವುದಿಲ್ಲ. ವಿದ್ಯುತ್ತಿನ ವಿಷಯ ಇನ್ನೂ ಮುಖ್ಯ: ಡಬ್ಲ್ಯೂಎಸ್2812 ಮಾದರಿಯ ಒಂದು ಎಲ್‌ಇಡಿ ಪೂರ್ಣ ಬಿಳಿಯಲ್ಲಿ ಸುಮಾರು 60 ಮಿಲಿಆಂಪಿಯರ್ ಎಳೆಯಬಲ್ಲದು, ಯುಎಸ್‌ಬಿ 2.0 ಕೊಡುವುದಾದರೋ 500 ಮಿಲಿಆಂಪಿಯರ್. ಆದ್ದರಿಂದ ಗರಿಷ್ಠ ಪ್ರಖರತೆಯ ಮಿತಿಯನ್ನು ಮೊದಲೇ ತಗ್ಗಿಸಿಟ್ಟು, ಆಮೇಲೆ ಫರ್ಮ್‌ವೇರನ್ನು ಬೋರ್ಡಿಗೆ ಏರಿಸಬೇಕು.