ರ‍್ಯಾಮ್ ಬದಲಿಸುವ ಮುಂಚೆ ಪ್ರೊಸೆಸರ್ ನೋಡಿಸಿ

ಹಾಸನದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ ವಿಡಿಯೋ ಎಡಿಟಿಂಗ್‌ಗೆ ಅಂತ 2023ರಲ್ಲಿ ಸಾಲ ಮಾಡಿ ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸಿದೆ. ಇಂಟೆಲ್ ಕಂಪನಿಯ 13ನೇ ಜನರೇಷನ್‌ನ ದುಬಾರಿ ಪ್ರೊಸೆಸರ್. ಹತ್ತು ತಿಂಗಳು ಒಂದು ತಕರಾರಿಲ್ಲದೆ ನಡೆಯಿತು.

ಆಮೇಲೆ ಶುರುವಾಯಿತು. ಸಕಲೇಶಪುರದ ಒಂದು ಮದುವೆ, ಮೂರು ಗಂಟೆಯ ವಿಡಿಯೋ. ಮುಕ್ಕಾಲು ಭಾಗ ರೆಂಡರ್ (ಎಡಿಟ್ ಮಾಡಿದ್ದನ್ನು ಒಂದೇ ವಿಡಿಯೋ ಫೈಲ್ ಆಗಿ ಹೊರತೆಗೆಯುವುದು) ಆದ ಮೇಲೆ ಸಾಫ್ಟ್‌ವೇರ್ ತಾನಾಗಿ ಮುಚ್ಚಿಕೊಂಡಿತು. ಮತ್ತೆ ಹಾಕಿದೆ, ಈ ಸಲ ಹತ್ತೇ ನಿಮಿಷಕ್ಕೆ ಹೋಯಿತು. ಗಿರಾಕಿ ಕಳಿಸಿದ ಜಿಪ್ ಫೈಲ್ ತೆರೆದರೆ ಫೈಲ್ ಕೆಟ್ಟಿದೆ ಅಂತ ಎರರ್. ಅದೇ ಫೈಲ್ ಹಳೇ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ತೆರೆಯುತ್ತಿತ್ತು. ಈ ಗುರುತು ದಯವಿಟ್ಟು ನೆನಪಿಡಿ. ನನಗೆ ಆಗ ಹೊಳೆಯಲಿಲ್ಲ.

"ಪ್ರೊಸೆಸರ್ ಎಲ್ಲಾದ್ರೂ ಹೋಗುತ್ತಾ ಅಣ್ಣ? ರ‍್ಯಾಮ್ ಇರಬೇಕು" ಅಂದರು ಅಂಗಡಿಯವರು. ರ‍್ಯಾಮ್ ಬದಲಿಸಿದೆ. ಆಮೇಲೆ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡುತ್ತದಲ್ಲ, ಅದೇ ಕಾರಣ ಅಂತ ಹೊಸ ಯುಪಿಎಸ್ಸೂ ಬಂತು. ಸುಮ್ನೆ 20 ಸಾವಿರ ಹೋಯಿತು. ತೊಂದರೆ ಅಲ್ಲೇ ಇತ್ತು.

ಕೊನೆಗೆ ಅಕ್ಕನ ಮಗ ಬಂದು, ಬಯೋಸ್‌ಗೆ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗೆ) ಹೋಗಿ ಪ್ರೊಸೆಸರ್‌ನ ದೊಡ್ಡ ಕೋರ್‌ಗಳ ವೇಗ ನಿರ್ಧರಿಸುವ ರೇಷಿಯೋ 55 ಇದ್ದದ್ದನ್ನು 53ಕ್ಕೆ ಇಳಿಸಿದ. ಅಷ್ಟೇ. ಆ ರಾತ್ರಿ ರೆಂಡರ್ ಪೂರ್ತಿ ಮುಗಿಯಿತು. ನನಗೆ ಮಾತ್ರ ಹೊಟ್ಟೆ ಉರಿಯಿತು. ವೇಗ ಇಳಿಸಿದರೆ ಮಾತ್ರ ನಡೆಯುತ್ತದೆ ಅಂದರೆ ಪ್ರೊಸೆಸರೇ ಸವೆದಿದೆ ಅಂತ ತಾನೇ?

ಇಂಟೆಲ್‌ನ 13 ಮತ್ತು 14ನೇ ಜನರೇಷನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ, ಅದರಲ್ಲೂ ಮೇಲಿನ ದರ್ಜೆಯವುಗಳಲ್ಲಿ, ಚಿಪ್ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು. ಆ ವೋಲ್ಟೇಜೂ ಶಾಖವೂ ಸೇರಿ ಕೋರ್ ಒಳಗೆ ಕೆಲಸದ ತಾಳ ಹಿಡಿದಿಡುವ ಕ್ಲಾಕ್ ಸರ್ಕ್ಯೂಟನ್ನು ಬೇಗ ಸವೆಸುತ್ತವೆ. ಸವೆದ ಚಿಪ್‌ಗೆ ಅದೇ ವೇಗದಲ್ಲಿ ಓಡಲು ಇನ್ನೂ ಜಾಸ್ತಿ ವೋಲ್ಟೇಜ್ ಬೇಕು. ತಯಾರಿಸಿದವರೇ 2024ರಲ್ಲಿ ಇದನ್ನು ಒಪ್ಪಿಕೊಂಡರು. ಚಿಪ್ 1.55 ವೋಲ್ಟ್‌ಗಿಂತ ಜಾಸ್ತಿ ಕೇಳದಂತೆ ತಡೆಯುವ ಮೈಕ್ರೋಕೋಡ್ (ಚಿಪ್ ಒಳಗೇ ಓಡುವ ಸಣ್ಣ ಸಾಫ್ಟ್‌ವೇರ್) ಆಗಸ್ಟ್‌ನಲ್ಲಿ ಬಂತು, ಸೆಪ್ಟೆಂಬರ್‌ನಲ್ಲಿ ಇನ್ನೊಂದು. ಎರಡೂ ಸಿಗುವುದು ಮದರ್‌ಬೋರ್ಡ್‌ನ ಬಯೋಸ್ ಅಪ್‌ಡೇಟ್‌ನಲ್ಲಿ. ಆದರೆ ಆಗಲೇ ಸವೆದ ಚಿಪ್ ಇದರಿಂದ ವಾಸಿಯಾಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿರುವಾಗಲೇ ಅಪ್‌ಡೇಟ್ ಮಾಡಿಸಿ.

ಈ ಚಿಪ್‌ಗಳ ವಾರಂಟಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿದ್ದಾರೆ. ನನಗೆ ಅದು ಸುಲಭಕ್ಕೆ ಸಿಗಲಿಲ್ಲ. ಸ್ವಲ್ಪ ಅಗ್ಗ ಅಂತ ಬಾಕ್ಸ್ ಇಲ್ಲದ ಚಿಪ್ ಹಾಕಿಸಿದ್ದೆ. ಅಂಥದ್ದಕ್ಕೆ ಮಾರಿದವರ ಮೂಲಕವೇ ಹೋಗಬೇಕು. ಬಿಲ್ಲಿನಲ್ಲೋ 'ಕಂಪ್ಯೂಟರ್ ಸೆಟ್ 1' ಅಂತಷ್ಟೇ ಬರೆದಿತ್ತು. ಕೂಲರ್ ಬಿಚ್ಚಿ, ಪೇಸ್ಟ್ ಒರೆಸಿ, ಚಿಪ್ ಮೇಲಿನ ನಂಬರ್ ತೋರಿಸಿ, ಎರಡು ತಿಂಗಳು ಅಂಗಡಿಗೆ ಅಲೆದ ಮೇಲೆ ಬೇರೆ ಚಿಪ್ ಬಂತು. ಅಷ್ಟರಲ್ಲಿ ಎರಡು ಮದುವೆಯ ಆರ್ಡರ್ ಕೈತಪ್ಪಿದ್ದವು.

ನೀವು ಕೊಳ್ಳುವಾಗ ಸೀಲ್ ಇರುವ ಬಾಕ್ಸನ್ನೇ ಕೇಳಿ. ಪ್ರೊಸೆಸರ್ ಹೆಸರು, ಸೀರಿಯಲ್ ನಂಬರ್ ಎರಡನ್ನೂ ಬಿಲ್ಲಿನಲ್ಲಿ ಬರೆಸಿ. ಕೂಲರ್ ಕೂರಿಸುವ ಮುಂಚೆ ಚಿಪ್‌ನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.