60 ಅಡಿಯ ಕಾರ್ಬನ್ ಫೈಬರ್ ದೋಟಿ: ಎರಡು ಮಳೆಗಾಲ ಬಳಸಿ ಬರೀತಿದ್ದೇನೆ

ಬೆಂಗಳೂರಿನ ಕೆಲಸ ಬಿಟ್ಟು ಪುತ್ತೂರಿಗೆ ವಾಪಸ್ ಬಂದಾಗ ಅಪ್ಪ ಕೇಳಿದ್ದು ಒಂದೇ, ಅಡಿಕೆಗೆ ಮದ್ದು ಬಿಡ್ಲಿಕ್ಕೆ (ಸಿಂಪಡಿಸ್ಲಿಕ್ಕೆ) ಯಾರು ಬರ್ತಾರೆ? ನಮ್ಮಲ್ಲಿ ಅಡಿಕೆ ಮರ ಹತ್ತುವವರು ಇದ್ದದ್ದೇ ಇಬ್ಬರು, ಒಬ್ಬರಿಗೆ ವಯಸ್ಸಾಯ್ತು, ಇನ್ನೊಬ್ಬರು ಊರಿಡೀ ತೋಟಕ್ಕೆ ಒಬ್ಬರೇ, ಜುಲೈಯಲ್ಲಿ ಮಳೆ ಹೊಳವಾದ ದಿನ ಅವರು ಸಿಗದಿದ್ರೆ ಕೊಳೆರೋಗ ಹಿಡಿದು ಎಳೆ ಕಾಯಿ ಎಲ್ಲ ಬುಡಕ್ಕೆ.

ಹಾಗೆ ತಗೊಂಡದ್ದು ಈ ದೋಟಿ, ನೆಲದಲ್ಲೇ ನಿಂತು ಗೊನೆ ಮುಟ್ಟುವ ಉದ್ದ ಕೋಲು. ಅಲ್ಯೂಮಿನಿಯಂ ದೋಟಿ ಮೊದಲು ಹಿಡಿದು ನೋಡಿದ್ದೆ, ಉದ್ದ ಮಾಡಿದ ಹಾಗೆ ಭಾರಕ್ಕೆ ಬಳುಕ್ತದೆ. ಇದು ಹಗುರ, ಒಳಗಿನ ಪೈಪ್ ಒಂದೊಂದೇ ಎಳೆದು ಲಾಕ್ ಹಾಕುವುದು, ತುದಿಗೆ ನೋಝಲ್ ಹಾಕಿದ್ರೆ ಮದ್ದು, ಕತ್ತಿ ಹಾಕಿದ್ರೆ ಕೊಯ್ಲು. ಮೊದಲ ವಾರ ಕುತ್ತಿಗೆ ನೋವು ಜೋರಿತ್ತು, ಗೊನೆಗೆ ಗುರಿ ಸಿಗ್ಲಿಕ್ಕೇ ದಿನ ಹಿಡೀತು, ಈಗ ದಿನಕ್ಕೆ ಎರಡು ಬ್ಯಾರೆಲ್ ಆರಾಮ. ಮದ್ದು ಅಂದ್ರೆ 200 ಲೀಟರ್ ನೀರಿಗೆ 2 ಕೆಜಿ ಮೈಲುತುತ್ತು, 2 ಕೆಜಿ ಸುಣ್ಣ, ಆದ್ರೆ ಸುಣ್ಣವನ್ನು ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲದಿದ್ರೆ ನೋಝಲ್ ಕಟ್ಟಿ ಪೂರ್ತಿ ದೋಟಿ ಕೆಳಗೆ ಇಳಿಸುವ ಕೆಲಸ.

ತುಂಬ ಮುಖ್ಯ: ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಲೈನ್ ಹತ್ತಿರದ ಮರಗಳನ್ನು ನಾನು ಬಿಟ್ಟೇ ಬಿಡ್ತೇನೆ, ನೀವೂ ಬಿಡಿ, ನಾಲ್ಕು ಕೆಜಿ ಅಡಿಕೆ ಹೋದ್ರೆ ಹೋಗಲಿ.

ಬೇಸರ ಆದದ್ದು ಸರ್ವಿಸ್. ಎರಡನೇ ವರ್ಷ ಒಂದು ಲಾಕ್ ಲೂಸ್ ಆಯ್ತು, ಮಾರಿದ ಅಂಗಡಿಯವರು ಸ್ಪೇರ್ ಕೊಡ್ಲಿಕ್ಕೆ ಹದಿನೆಂಟು ದಿನ ಮಾಡಿದ್ರು, ಅದೂ ಮದ್ದಿನ ಟೈಮಲ್ಲಿ! ರೇಟೂ ಸಣ್ಣದಲ್ಲ, ಸಬ್ಸಿಡಿ ಉಂಟಾ ಅಂತ ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ಕೇಳಿ. ವಿಟ್ಲದ ಸಿಪಿಸಿಆರ್‌ಐಯಲ್ಲಿ (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ದೋಟಿ ತರಬೇತಿ ಶಿಬಿರ ಮಾಡಿದ್ರು, ಅಂಥದ್ದು ಮತ್ತೆ ಆದ್ರೆ ತಪ್ಪಿಸಬೇಡಿ.

ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತೇನೆ. ಯಾಕಂದ್ರೆ ನಮ್ಮ ಪ್ರಾಯದವರಿಗೆ ಕೃಷಿ ಬೇಡ ಅಂತ ಎಲ್ಲರೂ ಹೇಳ್ತಾರೆ, ನಾನು ನೋಡಿದ ಹುಡುಗರು ಬೇಡ ಅಂದದ್ದು ಜಾರುವ ಮರ ಹತ್ತುವುದನ್ನು, ಮನೆಯವರೂ ಹತ್ತು ಅಂತ ಹೇಳುವುದಿಲ್ಲ, ಬಿದ್ದವರನ್ನು ನೋಡಿದ್ದಾರೆ. ಮಂಗಳೂರಲ್ಲಿ ಕೆಲಸ ಹುಡುಕ್ತಿದ್ದ ಪಕ್ಕದ ಮನೆಯ ಇಬ್ಬರು ಸುಮ್ಮನೆ ನೋಡ್ಲಿಕ್ಕೆ ಬಂದು ಕೈ ಹಾಕಿದವರು, ಈಗ ನಾವು ಮೂವರು ಸೇರಿ ಆರು ಮನೆಯ ತೋಟಕ್ಕೆ ಮದ್ದು ಬಿಡ್ತೇವೆ, ಸಂಬಳ ಸಮ ಪಾಲು. ಮುಂದಿನ ಮೇ ಒಳಗೆ 70 ಅಡಿಯದ್ದು ಒಂದು ತಗೊಳ್ಬೇಕು, ಅಜ್ಜ ನೆಟ್ಟ ಮರಗಳಿಗೆ ಇದು ಮುಟ್ಟುವುದಿಲ್ಲ.