ಮೂರು ಜನರ ಮನೆಗೆ ಐವತ್ತು ಜನರ ಒಲೆ ತಂದು ಪಟ್ಟ ಪಾಡು

ಶಿಡ್ಲಘಟ್ಟದ ಹತ್ತಿರದ ನಮ್ಮ ಹಳ್ಳಿಯಲ್ಲಿ ಪುಟ್ಟ ಮನೆ ಕಟ್ಟಿಸಿದೆವು. ಅಡುಗೆಮನೆ ಎಂಟಡಿಗೆ ಹತ್ತಡಿ, ಮೇಲೆ ಸಿಮೆಂಟ್ ಶೀಟು. ಗ್ಯಾಸ್ ಇದ್ದರೂ ಮುದ್ದೆ, ಹುರುಳಿಕಾಳಿನ ಸಾರು ಸೌದೆ ಒಲೆಯಲ್ಲೇ ಆಗಬೇಕು ಎಂಬುದು ಅಮ್ಮನ ಹಟ. ತೋಟದಲ್ಲಿ ಹಿಪ್ಪುನೇರಳೆ ಕಡ್ಡಿಗೆ ಬರವಿಲ್ಲ, ನಾನೂ ಒಪ್ಪಿದೆ.

ಅಂಗಡಿಯವನು ಎರಡು ಕಬ್ಬಿಣದ ಒಲೆ ತೋರಿಸಿದ. ಹಾಸ್ಟೆಲ್‌ಗೆಂದು ಮಾಡಿಸಿ ಉಳಿದುಹೋಗಿದ್ದ ದೊಡ್ಡದು, ಸಣ್ಣದಕ್ಕಿಂತ ಕೇವಲ ಎಂಟುನೂರು ರೂಪಾಯಿ ಜಾಸ್ತಿ. "ದೊಡ್ಡದರಲ್ಲಿ ಸಣ್ಣ ಉರಿ ಹಾಕಿಕೊಳ್ಳಬಹುದು ಮೇಷ್ಟ್ರೇ, ಸಣ್ಣದನ್ನು ಹಿಗ್ಗಿಸಲಾದೀತೇ?" ಎಂದ. ಎಷ್ಟು ಸರಿಯಾದ ಮಾತು ಅನ್ನಿಸಿತು! ಈ ಮಾತು ನಿಮ್ಮ ಕಿವಿಗೂ ಬೀಳುತ್ತದೆ, ದಯವಿಟ್ಟು ನಂಬಬೇಡಿ.

ಮೊದಲ ದಿನವೇ ಎಡವಟ್ಟು. ನಾಲ್ಕು ಕಡ್ಡಿ ಹಾಕಿದರೆ ಉರಿ ಒಲೆಯ ತಳದಲ್ಲೇ ಕುಣಿಯುತ್ತದೆ, ಪಾತ್ರೆ ಒಂದಡಿ ಮೇಲಿದೆ. ಎಸರು ಕುದಿಯುವ ಹೊತ್ತಿಗೆ ಅಮ್ಮನ ತಾಳ್ಮೆ ಕುದಿದಿತ್ತು. ಒಲೆಯ ಹೊಟ್ಟೆ ತುಂಬ ನೀಲಗಿರಿ ತುಂಡು ತುಂಬಿದರೆ ಸೆಕೆಗೆ ಒಳಗೆ ನಿಲ್ಲುವಂತಿಲ್ಲ. ಒಂದು ಕೆ.ಜಿ. ಒಣ ಸೌದೆಯಲ್ಲಿ ಸುಮಾರು 4 ಯುನಿಟ್ ವಿದ್ಯುತ್ತಿನಷ್ಟು ಶಾಖ ಅಡಗಿರುತ್ತದೆ. ನಮ್ಮ ಒಲೆಯ ಹೊಟ್ಟೆ ಒಮ್ಮೆಗೆ ಆರೇಳು ಕೆ.ಜಿ. ನುಂಗುತ್ತಿತ್ತು. ಹಾಗಾಗಿ ಸೌದೆ ತುಂಬಿ ಒಲೆಯ ಗಾಳಿಕಿಂಡಿ ಮುಚ್ಚುವ ಉಪಾಯ ಕಂಡುಕೊಂಡೆವು. ಎಲ್ಲ ಕೆಟ್ಟದ್ದೂ ಅಲ್ಲಿಂದಲೇ.

ಗಾಳಿ ಸಾಲದೆ ಸೌದೆ ಉರಿಯುವುದಿಲ್ಲ, ಕಮರುತ್ತದೆ. ಅದರಿಂದೇಳುವ ಆವಿ ಬೆಂಕಿಯಾಗದೆ ಹೊಗೆಯಾಗಿಯೇ ಮೇಲೇರಿ, ತಣ್ಣಗಿರುವ ಹೊಗೆಕೊಳವೆಯೊಳಗೆ ಟಾರಿನಂತೆ ಅಂಟುತ್ತದೆ. ನಮ್ಮದು ಅರ್ಧ ಒಣಗಿದ ಸೌದೆ ಬೇರೆ. ಒಂದೇ ತಿಂಗಳಿಗೆ ಕೊಳವೆಯ ಕೀಲುಗಳಿಂದ ಕಪ್ಪು ರಸ ಸೋರಿ, ಹೊಸ ಸುಣ್ಣದ ಗೋಡೆ ಹುಲಿಯ ಮೈಯಂತಾಯಿತು. ಡಿಸೆಂಬರ್ ಚಳಿಗೆ ಬಾಗಿಲು ಕಿಟಕಿ ಮುಚ್ಚಿ ಅಡುಗೆ ಮಾಡುತ್ತಿದ್ದ ಅಮ್ಮ ತಲೆನೋವು, ತಲೆಸುತ್ತು ಎನ್ನತೊಡಗಿದರು. ಪಿತ್ತ ಇರಬೇಕೆಂದು ನಿಂಬೆ ಶರಬತ್ತು ಕುಡಿಸಿದೆ, ಓದಿದವನು ನಾನು! ಕಮರುವ ಬೆಂಕಿಯಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಪ್ರಾಣವನ್ನೇ ತೆಗೆಯುತ್ತದೆ. ಒಂದು ದಿನ ಅಮ್ಮ ಹೊಸಿಲ ಮೇಲೆ ಕುಸಿದು ಕುಳಿತಾಗಲೇ ನನಗೆ ಬುದ್ಧಿ ಬಂದದ್ದು.

ಪೂರ್ತಿ ಬಂದಿರಲಿಲ್ಲ. ಸಂಕ್ರಾಂತಿಗೆ ನೆಂಟರು ಬರುತ್ತಾರೆಂದು ಜೋರಾಗಿ ಉರಿ ಹಾಕಿದೆ. ಕೊಳವೆಯೊಳಗಿನ ಟಾರಿಗೆ ಬೆಂಕಿ ತಗುಲಿ ಗಿರಣಿಯಂತೆ ಮೊರೆಯಿತು, ಕೊಳವೆ ಕೆಂಪಾಯಿತು, ತಾಗಿಕೊಂಡಿದ್ದ ಶೀಟು ಪಟಾರನೆ ಸಿಡಿದು ಚೂರು ಅವರೆಕಾಯಿ ರಾಶಿಯ ಮೇಲೆ ಬಿತ್ತು. ಗಾಳಿಕಿಂಡಿ ಬಿಗಿದು, ಎಲ್ಲರನ್ನೂ ಹೊರಗೆ ಕಳಿಸಿ ಕಾದೆವು. ಯಾರಿಗೂ ಏನೂ ಆಗಲಿಲ್ಲ.

ರೇಷ್ಮೆ ನೂಲು ತೆಗೆಯುವ ಪಕ್ಕದ ಮನೆಯ ಚಾಚಾ ಬಂದು ನೋಡಿ ನಕ್ಕರು. ದಿನವಿಡೀ ಗೂಡು ಬೇಯಿಸುವವರಿಗೆ ಬೆಂಕಿಯ ಲೆಕ್ಕ ಗೊತ್ತು. "ಒಲೆಯನ್ನು ಪಾತ್ರೆ ನೋಡಿ ತರಬೇಕು ಮೇಷ್ಟ್ರೇ, ರೇಟು ನೋಡಿ ಅಲ್ಲ" ಎಂದರು. ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆ ಉಳಿಸಲೆಂದು ರೂಪಿಸಿದ ಅಸ್ತ್ರ ಒಲೆಯಲ್ಲೂ ಪಾತ್ರೆ ಕೂರಿಸುವ ಕಿಂಡಿಯನ್ನು ಪಾತ್ರೆಯ ಅಳತೆಗೇ ಬಿಡುತ್ತಾರೆ. ಪಾತ್ರೆ ಅದರಲ್ಲಿ ಬಿಗಿಯಾಗಿ ಕೂತು ಉರಿ ತಳಕ್ಕೆ ತಾಗಬೇಕು.

ಚಾಚಾ ಹೇಳಿದಂತೆ ಒಲೆಯೊಳಗೆ ಇಟ್ಟಿಗೆ ಜೋಡಿಸಿ ಹೊಟ್ಟೆ ಕಿರಿದು ಮಾಡಿದೆ. ಒಂದಿಷ್ಟು ಸುಧಾರಿಸಿತು, ಆದರೆ ಅಷ್ಟಗಲದ ಕೊಳವೆ ಆ ಪುಟ್ಟ ಉರಿಗೆ ಬಿಸಿಯಾಗುತ್ತಿರಲಿಲ್ಲ, ಹೊಗೆ ಎಳೆಯುತ್ತಿರಲಿಲ್ಲ. ಕೊನೆಗೆ ಗುಜರಿಗೆ ಹಾಕಿದೆ. ಗುಜರಿಯವನು ತೂಕ ಹಾಕುವಾಗ "ಒಳ್ಳೆ ಗಟ್ಟಿ ಮಾಲು" ಎಂದು ಹೊಗಳಿದ.

ಎರಡನೇ ಸಲ ಬೇರೆ ಅಂಗಡಿಗೆ ಹೋದಾಗ ಅಮ್ಮನ ಮುದ್ದೆ ಪಾತ್ರೆಯನ್ನೂ ಮೊಳಕೈ ಉದ್ದದ ನಾಲ್ಕು ಕಡ್ಡಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಪಾತ್ರೆ ಕೂರಿಸಿ, ಕಡ್ಡಿ ಇಟ್ಟು, ಸೌದೆ ಉರಿಯುವ ಜಾಲರಿಯಿಂದ ಪಾತ್ರೆಯ ತಳಕ್ಕೆ ಗೇಣಿಗಿಂತ ಕಡಿಮೆ ಇದೆಯೇ ಎಂದು ಅಳೆದೆ. ಅಂಗಡಿಯವನು ವಿಚಿತ್ರವಾಗಿ ನೋಡಿದ. ನೋಡಲಿ.